ಅತ್ತೆಯೇ ಯಾಕೆ ಸೋಲಬೇಕು

ನಾನು ಮದುವೆಯಾಗಿ ಹುಮನಾಬಾದಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ತವರು ಬಸವಕಲ್ಯಾಣ, ನಮ್ಮ ಮಂದಿಯ ಬಾಯಲ್ಲಿ ಬರೀ ಕಲ್ಯಾಣ. ಬಸ್ಸಿನಲ್ಲಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಸಿಗುವ ಊರು. ಆದರೂ ಹೊರಡುವ ದಿನ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮೊಮ್ಮಗಳನ್ನು ದೂರದೇಶಕ್ಕೆ ಕಳಿಸುವವಳ ಹಾಗೆ ಉಡಿ ತುಂಬಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು.

"ಅಲ್ಲಿ ಯಾರರ ಕಥಿ ಹೇಳು ಅಂದ್ರ ನಾಚಬ್ಯಾಡ, ಹೇಳು. ಕಥಿ ಹೇಳಾಕಿ ಮ್ಯಾಲ ಯಾರೂ ಸಿಟ್ಟಾಗಂಗಿಲ್ಲ."

ಆಯಿಯ ಈ ಮಾತು ಎಷ್ಟರಮಟ್ಟಿಗೆ ನಿಜ ಎಂದು ತಿಳಿಯಲು ನನಗೆ ಮೊದಲ ಬೇಸಿಗೆಯವರೆಗೆ ಕಾಯಬೇಕಾಯಿತು.

ಮಾವನವರದು ಧಾನ್ಯದ ಅಡತಿ ಅಂಗಡಿ. ರೈತರು ತಂದ ತೊಗರಿ, ಜೋಳ ತೂಗಿ ಮಾರಿಕೊಡುವ ವ್ಯವಹಾರ. ಅವರು ಮಾತು ಕಡಿಮೆಯ ಮನುಷ್ಯ. ಆ ಕೊರತೆಯನ್ನು ಅತ್ತೆ ತುಂಬಿಕೊಡುತ್ತಿದ್ದರು. ಎತ್ತರದ ಆಳು, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ದನಿ. ಅವರು ಅಂಗಳದಲ್ಲಿ ನಿಂತು ಕೂಗಿದರೆ ಅತ್ತ ಮಾರ್ಕೆಟ್ಟಿನಲ್ಲಿ ಮಾವ ತಕ್ಕಡಿ ಕೆಳಗಿಡುತ್ತಾರೆ ಎಂದು ಓಣಿಯವರು ನಗುತ್ತಿದ್ದರು. ನನ್ನನ್ನು ಅವರು ಬೈದದ್ದುಂಟು, ಆದರೆ ಹಸಿವೆಯಲ್ಲಿ ಕೂಡಿಸಿದ್ದಿಲ್ಲ. ನಾನು ಹೆದರುತ್ತಿದ್ದೆ, ಅಷ್ಟೇ. ಹೆದರುವುದು ಆಗ ಸೊಸೆಯಂದಿರ ಕೆಲಸಗಳಲ್ಲೇ ಒಂದಾಗಿತ್ತು.

ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಶ್ಯಾವಿಗೆಗೆ ಕೂಡುತ್ತಿದ್ದರು, ಏಕೆಂದರೆ ನಮ್ಮಲ್ಲಿ ದೊಡ್ಡದೊಂದು ಬೇವಿನ ಮರದ ನೆರಳಿತ್ತು. ಗೀರು ಕೊರೆದ ಉದ್ದನೆಯ ಹಲಗೆಯನ್ನು ಓರೆಯಾಗಿ ನಿಲ್ಲಿಸಿ, ನಾದಿದ ಗೋಧಿ ಹಿಟ್ಟನ್ನು ಅದರ ಮೇಲೆ ಉಜ್ಜುತ್ತ ಒಬ್ಬರು ಎಳೆ ಬಿಡುವುದು, ಕೆಳಗೆ ಕೂತವರು ಅದನ್ನು ಹಿಡಿದು ಜಗ್ಗಿ ಕೋಲಿನ ಮೇಲೆ ಒಣಹಾಕುವುದು. ಕೈಗೆ ಬಿಡುವಿಲ್ಲ, ಬಾಯಿಗೆ ಪೂರ್ತಿ ಬಿಡುವು. ಹಾಡು ಮುಗಿದರೆ ಮಾತು, ಮಾತು ಮುಗಿದರೆ ಕಥೆ.

ಆ ದಿನ ಪಕ್ಕದ ಮನೆಯ ಸೊಸೆ, ಹುಡಗಿ ಎಂಬ ಹಳ್ಳಿಯ ಕಡೆಯವಳು, ನನ್ನದೇ ವಯಸ್ಸಿನವಳು, ನನ್ನತ್ತ ಕೈ ತೋರಿಸಿ, "ಕಲ್ಯಾಣದಾಕಿಗಿ ಭಾಳ ಕಥಿ ಬರ್ತಾವಂತ. ಆಕಿ ಹೇಳಲಿ" ಅಂದಳು. ಎಲ್ಲರೂ ನನ್ನತ್ತ ತಿರುಗಿದರು. ನಾಚಬೇಡ ಎಂದು ಆಯಿ ಹೇಳಿದ್ದು ನೆನಪಿತ್ತು. ನಾಚದೆ ಶುರು ಮಾಡಿದೆ.

"ಒಂದೂರಾಗ ಒಬ್ಬಾಕಿ ಅತ್ತಿ ಇದ್ಲು. ಭಾಳ ಕೆಟ್ಟಾಕಿ."

ಅಷ್ಟು ಹೇಳಿದ ಮೇಲೆ ನನಗೆ ಹೊಳೆಯಿತು, ಹಲಗೆಯ ಮೇಲೆ ಕೂತು ಹಿಟ್ಟು ಉಜ್ಜುತ್ತಿರುವವರು ನನ್ನ ಅತ್ತೆ. ಅವರ ಕೈ ನಿಂತಿತು. ಎಳೆಗಳು ಕೆಳಗೆ ಗಾಳಿಗೆ ಅಲ್ಲಾಡುತ್ತ ನಿಂತವು. ಬೇರೊಂದು ಕಥೆಗೆ ಹೊರಳೋಣವೆಂದರೆ ಹೆದರಿಕೆಗೆ ಒಂದೂ ನೆನಪಾಗಲಿಲ್ಲ.

"ಹೂಂ, ಮುಂದ ಹೇಳು. ಏನು ಮಾಡಿದ್ಲು ಆಕಿ?" ಅಂದರು ಅತ್ತೆ.

ಮುಂದೆ ಹೇಳದೆ ದಾರಿಯಿರಲಿಲ್ಲ. ಕಥೆ ಸರಳವಾದದ್ದು. ಆ ಅತ್ತೆ ಸೊಸೆಗೆ ಒಣ ರೊಟ್ಟಿ ಹಾಕಿ, ತಾನು ಕದ್ದು ಕದ್ದು ಗಡಿಗೆಯ ತುಪ್ಪ ತಿನ್ನುತ್ತಾಳೆ. ಮನೆಯವರು ಕೇಳಿದರೆ ಸೊಸೆ ತಿಂದಳೆನ್ನುತ್ತಾಳೆ. ಒಂದು ದಿನ ಗಡಿಗೆಯ ತಳದಲ್ಲಿ ಉಳಿದದ್ದನ್ನು ನೆಕ್ಕಲು ಹೋಗಿ ಅವಳ ತಲೆ ಒಳಗೇ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ಬೀಗರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಗಡಿಗೆ ತಲೆಯ ಅತ್ತೆ ಮನೆತುಂಬ ಗೋಡೆ ಹಾಯುತ್ತ ತಿರುಗುತ್ತಾಳೆ. ಸೊಸೆಯ ಮೇಲಿನ ಸುಳ್ಳು ಬಯಲಾಗುತ್ತದೆ.

ಸೊಸೆಯರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಅತ್ತೆಯರೆಲ್ಲ ನನ್ನ ಅತ್ತೆಯ ಮುಖ ನೋಡುತ್ತಿದ್ದರು.

"ಆಮ್ಯಾಲ? ಗಡಿಗಿ ಯಾರು ಒಡದ್ರು?" ಅತ್ತೆ ಕೇಳಿದರು.

"ಯಾರೂ ಇಲ್ರಿ. ಕಥಿ ಅಷ್ಟಕ್ಕ ಮುಗೀತದ."

"ತಲಿ ಗಡಿಗ್ಯಾಗ ಇಟ್ಟು ಮುಗಸ್ತೀಯೇನು? ಆಕಿ ಉಸಿರು ಹ್ಯಾಂಗ ಆಡಬೇಕು?"

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಚಿಂತೆಯಿತ್ತು. ಸ್ವಲ್ಪ ಹೊತ್ತು ಹಿಟ್ಟು ಉಜ್ಜಿ ಮತ್ತೆ ಅಂದರು, "ಒಡೀರಿ ಆ ಗಡಿಗಿ. ಸೊಸೀನೇ ಒನಕಿ ತಂದು ಸಾವಕಾಶ ಒಡೀಲಿ." ಹೀಗೆ ಅತ್ತೆಯ ಅಪ್ಪಣೆಯಂತೆ ಕಥೆಯೊಳಗಿನ ಅತ್ತೆ ಬಿಡುಗಡೆಯಾದಳು. ಆದರೆ ನಮ್ಮ ಅತ್ತೆಯ ಮನಸ್ಸಿಗೆ ಹೊಕ್ಕ ಪ್ರಶ್ನೆ ಬಿಡುಗಡೆಯಾಗಲಿಲ್ಲ.

ಮರುದಿನ ಹಿಟ್ಟಿನ ಮುಂದೆ ಕೂತವರೇ ಕೇಳಿದರು, "ಕಥ್ಯಾಗ ಯಾವಾಗಲೂ ಅತ್ತೀನೇ ಯಾಕ ಕೆಟ್ಟಾಕಿ? ಇರಲಿ, ಕೆಟ್ಟಾಕಿ ಇರಲಿ. ಪ್ರತಿ ಸಲ ಆಕೀನೇ ಯಾಕ ಸೋಲಬೇಕು? ಒಮ್ಮೆರ ಗೆಲ್ಲಬಾರದೇನು?"

ಉತ್ತರಕ್ಕೆ ಕಾಯದೆ ಅವರೇ ಒಂದು ಕಥೆ ಹೇಳಿದರು. ಅದರಲ್ಲಿ ಸೊಸೆ ಸೋಮಾರಿ, ಅತ್ತೆ ಸದ್ಗುಣಿ. ಸೊಸೆ ಮಲಗಿದಳು, ಅತ್ತೆ ನೀರು ತಂದಳು. ಸೊಸೆ ಮಲಗಿದಳು, ಅತ್ತೆ ಬೀಸಿದಳು. ಕೊನೆಗೆ ಅತ್ತೆ ಗೆದ್ದಳು. ಹುಡಗಿಯ ಸೊಸೆಗೆ ಅಲ್ಲೇ ತೂಕಡಿಕೆ ಬಂದು ಅವಳು ಹಿಡಿದ ಎಳೆಗಳು ಕಡಿದು ಬಿದ್ದವು. ಅತ್ತೆಗೂ ತಮ್ಮ ಕಥೆ ಸಪ್ಪೆ ಎಂದು ಗೊತ್ತಾಯಿತು. "ಉಪ್ಪು ಹಾಕೋದು ಮರತೆ" ಅಂದು ತಾವೇ ನಕ್ಕರು.

ಎದುರು ಮನೆಯ ಮುಸ್ಲಿಂ ಚಿಕ್ಕಮ್ಮ, ನಾವೆಲ್ಲ ಖಾಲಾ ಅನ್ನುತ್ತಿದ್ದವರು, ಅಷ್ಟೂ ಹೊತ್ತು ಸುಮ್ಮನೆ ಎಳೆ ಜಗ್ಗುತ್ತಿದ್ದರು. ಅತ್ತೆಯ ಹಳೆಯ ಗೆಳತಿ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು. ಅವರ ಶ್ಯಾವಿಗೆ ನಮ್ಮ ಅಂಗಳದಲ್ಲಿ ಆಗುತ್ತಿತ್ತು, ನಮ್ಮ ಮನೆಗೆ ರಂಜಾನಿನಲ್ಲಿ ಅದೇ ಶ್ಯಾವಿಗೆ ಹಾಲು ಸಕ್ಕರೆ ಕೂಡಿಕೊಂಡು ವಾಪಸು ಬರುತ್ತಿತ್ತು.

"ಜಗಳ ಯಾಕ? ಅತ್ತಿ ಸೊಸಿ ಇಬ್ಬರನ್ನೂ ಬಿಡ್ರಿ. ಒಬ್ಬ ಕೆಟ್ಟ ವಜೀರನ ಕಥಿ ಹೇಳು ಬೇಟಿ. ಅವನ್ನ ಗೆಲ್ಲಿಸಿ ನೋಡು. ಹ್ಯಾಂಗ ಆಗ್ತದ ನೋಡೋಣ" ಅಂದರು ಖಾಲಾ.

"ಹಾಂ, ಅದು ಬರೋಬ್ಬರಿ ಮಾತು. ಒಮ್ಮೆ ಕೆಟ್ಟಾಂವ ಗೆಲ್ಲಲಿ" ಅಂದರು ಅತ್ತೆ.

ನಾನು ಸ್ವಲ್ಪ ಯೋಚಿಸಿ ಆಯಿಯ ಒಂದು ಕಥೆ ಎತ್ತಿಕೊಂಡೆ. ಒಬ್ಬ ಮುದುಕಿ, ಅವಳಿಗೆ ಒಂದೇ ಆಕಳು. ಆ ಊರಿನ ಮಂತ್ರಿಗೆ ಆಕಳ ಮೇಲೆ ಕಣ್ಣು. ಅದು ರಾಜನ ಕೆರೆಯ ನೀರು ಕುಡಿಯಿತು, ಆದ್ದರಿಂದ ಅದು ರಾಜನದು ಎಂದು ಹೇಳಿ ಹೊಡೆದುಕೊಂಡು ಹೋಗಿ ತನ್ನ ಕೊಟ್ಟಿಗೆಯಲ್ಲಿ ಕಟ್ಟಿದ. ಆಮೇಲೆ ಕರುವನ್ನೂ ಒಯ್ದ, ತಾಯಿ ಹಿಂದೆ ಕರು ಇರಬೇಕು ಎಂದು ನ್ಯಾಯ ಹೇಳಿ. ಆಮೇಲೆ ಗುಡಿಸಲನ್ನೂ ಕಸಿದ, ದನವಿಲ್ಲದವಳಿಗೆ ಕೊಟ್ಟಿಗೆ ಯಾಕೆಂದು. ಆಯಿ ಹೇಳುವಾಗ ಇಲ್ಲಿ ರಾಜನೇ ವೇಷ ಮರೆಸಿಕೊಂಡು ಬರುತ್ತಿದ್ದ. ನಾನು ರಾಜನನ್ನು ಬರಗೊಡಲಿಲ್ಲ.

"ಮುದುಕಿ ಕೋಲು ಊರಿಕೋತ ಊರು ಬಿಟ್ಟು ಹೋದ್ಲು. ಮಂತ್ರಿ ದಿನಾ ಆಕಳ ಹಾಲು ಕುಡದು ಆರಾಮ ಇದ್ದ. ಮುಗೀತು."

ಇನ್ನೂ ಹಿಟ್ಟು ಉಳಿದಿತ್ತು, ಆದರೆ ಕೈಗಳು ನಿಧಾನವಾದವು. ಅತ್ತೆ ಚಹಾ ಮಾಡುತ್ತೇನೆಂದರೂ ಇಬ್ಬರು ಕೆಲಸದ ನೆಪ ಹೇಳಿ ಎದ್ದು ಹೋದರು. ಖಾಲಾ ಹೋಗುವಾಗ ಚಪ್ಪಲಿ ಅದಲುಬದಲು ಹಾಕಿಕೊಂಡು ಹೋಗಿ, ಬಾಗಿಲಿಂದ ತಿರುಗಿ ಬಂದು ಬದಲಿಸಿಕೊಂಡರು.

ಮರುದಿನ ಬೆಳಿಗ್ಗೆ ನಾನು ಅಂಗಳ ಸಾರಿಸುತ್ತಿರುವಾಗಲೇ ಹುಡಗಿಯ ಸೊಸೆ ಬಂದಳು. ಕೈಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು.

"ಆ ಮುದುಕಿ ಎಲ್ಲಿಗಿ ಹೋದ್ಲು?" ಅಂದಳು.

"ಯಾವ ಮುದುಕಿ?"

"ನಿನ್ನಿ ಕಥ್ಯಾಗಿನ ಮುದುಕಿ. ನನಗ ನಿದ್ದೀನೇ ಹತ್ತಲಿಲ್ಲ. ಆಕಿಗಿ ಮಕ್ಕಳಿಲ್ಲೇನು? ತಂಗಿ ಮನಿ ಯಾವುದರ ಇದ್ದೀತಲ್ಲ?"

ಅವಳನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಖಾಲಾ. ತಾವೇ ಹಾಕಿದ ಪಂದ್ಯವನ್ನು ತಾವೇ ಮುರಿಯಲು ಅವರಿಗೆ ಸ್ವಲ್ಪ ಸಂಕೋಚ. ಕೊತ್ತಂಬರಿ ಕೇಳುವ ನೆಪದಲ್ಲಿ ಬಂದು, ಕೊತ್ತಂಬರಿ ತೆಗೆದುಕೊಂಡು, ನಿಂತೇ ಇದ್ದರು. "ಆ ವಜೀರಂದು ಏನರ ಫೈಸಲಾ ಮಾಡು ಬೇಟಿ. ಹಿಂಗ ಬಿಟ್ಟರ ಛಲೋ ಅಲ್ಲ."

ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಅವರ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ದಿನ ಸೀಯಿತು. ಊಟಕ್ಕೆ ಕೂತಾಗ, ಪುಂಡಿಪಲ್ಯ ಬಡಿಸಿಕೊಳ್ಳುತ್ತ, ನನ್ನತ್ತ ನೋಡದೆ ಕೇಳಿದರು.

"ಆ ಮಂತ್ರಿ ಇನ್ನೂ ಹಾಲು ಕುಡಿಯಾಕತ್ತಾನೇನು?"

"ಹೌದ್ರಿ."

"ದಿನಾ?"

"ದಿನಾ ಕುಡೀತಾನ್ರಿ."

ಒಂದು ತುತ್ತು ಮುಗಿಯಿತು. "ಸಾಕು ಮಾಡು ಅದನ್ನ."

"ನೀವೇ ಅಂದಿದ್ರಲ್ರಿ, ಕೆಟ್ಟಾಂವ ಒಮ್ಮೆ ಗೆಲ್ಲಲಿ ಅಂತ."

"ಗೆಲ್ಲಲಿ ಅಂದೆ. ಗೆದ್ದಾನಲ್ಲ ನಿನ್ನಿ ಒಂದು ದಿನ. ಸಾಕು."

ಮಾವ ತಾಟಿನ ಮೇಲೆ ಬಗ್ಗಿ ನಗು ನುಂಗುತ್ತಿದ್ದರು. ಅವರ ಹೆಗಲು ಕುಣಿಯುವುದು ನನಗೆ ಕಾಣುತ್ತಿತ್ತು.

ಆ ಮಧ್ಯಾಹ್ನ ಬೇವಿನ ಕೆಳಗೆ ನಡೆದದ್ದು ಕಥೆಯಲ್ಲ, ದರ್ಬಾರು. ಮಂತ್ರಿಗೆ ಯಾವ ಶಿಕ್ಷೆ ಎಂಬುದರ ಮೇಲೆ ಪ್ರತಿಯೊಬ್ಬರದೂ ಒಂದೊಂದು ಮಾತು. ಹುಡಗಿಯ ಸೊಸೆ ಸಾಧು ಹುಡುಗಿ, ಇರುವೆ ಕಂಡರೂ ದಾಟಿ ನಡೆಯುವವಳು. ಆಕೆ ಗಲ್ಲಿಗೇರಿಸಬೇಕು ಎಂದಳು. ಖಾಲಾ ಒಪ್ಪಲಿಲ್ಲ. ಸತ್ತವನಿಗೆ ನಾಚಿಕೆ ಎಲ್ಲಿಂದ ಬರಬೇಕು, ಆಕಳು ಒಂದು ಸಲ ಸರಿಯಾಗಿ ಒದೆಯಲಿ ಎಂದರು. ಇನ್ನೊಬ್ಬರು ಕತ್ತೆಯ ಮೇಲೆ ಮೆರವಣಿಗೆ ಎಂದರು. ಎಲ್ಲರ ಮಾತೂ ಕೇಳಿ, ಕೈಯ ಹಿಟ್ಟು ಒರೆಸಿಕೊಂಡು, ಅತ್ತೆ ತೀರ್ಪು ಕೊಟ್ಟರು.

"ಅವನ್ನ ಕೊಲ್ಲಬ್ಯಾಡ್ರಿ. ಮುದುಕಿನ್ನ ವಾಪಸ್ ಕರಕೊಂಡು ಬರ್ರಿ. ಆಕಿ ಹೊರಸಿನ ಮ್ಯಾಲ ಕೂಡಬೇಕು. ಅಂವ ಸಗಣಿ ಬಳೀಬೇಕು, ಮೇವು ಹಾಕಬೇಕು, ಹಾಲು ಹಿಂಡಿ ಕಾಸಿ ಆಕಿ ಕೈಯಾಗ ಕೊಡಬೇಕು. ಆಕಿ ಒಂದು ಗುಟುಕು ಕುಡದು, ಇದೇನು ಬಿಸಿನೇ ಇಲ್ಲ, ಮತ್ತ ಕಾಸಿ ತಾ ಅನ್ನಬೇಕು. ಜೀವ ಇರೋತನಕ."

ಆ ಮುದುಕಿಯ ಮಾತಿನ ಧಾಟಿ ಅತ್ತೆಯದೇ, ಓಣಿಗೆಲ್ಲ ಪರಿಚಿತವಾದದ್ದು. ಯಾರು ಮೊದಲು ನಕ್ಕರೋ ಗೊತ್ತಿಲ್ಲ, ಎಳೆ ಹಿಡಿದವರೂ ಕೈಬಿಟ್ಟು ನಕ್ಕರು. ಅತ್ತೆಗೆ ಯಾಕೆ ನಗುತ್ತಿದ್ದಾರೆಂದು ತಡವಾಗಿ ತಿಳಿದು ಅವರೂ ಸೇರಿಕೊಂಡರು. ಆ ದಿನ ಉಳಿದ ಹಿಟ್ಟೆಲ್ಲ ಯಾವಾಗ ಮುಗಿಯಿತೋ ತಿಳಿಯಲೇ ಇಲ್ಲ.

ಚಹಾ ಕುಡಿಯುವಾಗ ಖಾಲಾ ಹೇಳಿದರು, "ಗೆದ್ದಾಂವ ತನ್ನ ಮಹಲಿನ್ಯಾಗ ಮಲಗಿರ್ತಾನ. ಅವನಿಗಿ ಕಥಿ ಯಾಕ ಬೇಕು? ಕೇಳೋರು ನಾವು, ಬಿಸಿಲಾಗ ಕುಂತು ದುಡಿಯೋರು. ನಮ್ಮ ಮುಂದ ವಜೀರನ್ನ ಗೆಲ್ಲಿಸಿದ್ರ ನಮ್ಮ ಕೈ ಹ್ಯಾಂಗ ಆಡ್ತಾವ?"

ಹಿಂದಿನ ದಿನ ಕೈಗಳು ನಿಧಾನವಾದದ್ದು ಎಲ್ಲರಿಗೂ ನೆನಪಿತ್ತು. ಎಲ್ಲರೂ ಹೌದೆಂದರು, ಅತ್ತೆಯೊಬ್ಬರನ್ನು ಬಿಟ್ಟು.

"ಮಂತ್ರಿದು ಒಪ್ಪಿದೆ. ಆದ್ರ ಅತ್ತಿದು ಹೇಳ್ರಿ. ಅತ್ತಿನೂ ಬಿಸಿಲಾಗ ಕುಂತು ಶ್ಯಾವಿಗಿ ಮಾಡಾಕತ್ತಾಳಲ್ಲ. ಆಕಿ ಯಾಕ ಸೋಲಬೇಕು?"

ಖಾಲಾ ನಗುತ್ತ ನನ್ನತ್ತ ಕೈ ತೋರಿಸಿದರು. ಅತ್ತೆ ನನ್ನತ್ತ ತಿರುಗಿದರು. "ಆ ಗಡಿಗಿ ಕಥಿ ನಿನಗ ಯಾರು ಹೇಳಿದ್ದು?"

"ನಮ್ಮ ಆಯಿರಿ."

"ನಡಿ. ಆಕಿನ್ನೇ ಕೇಳೋಣ."

ತಮಾಷೆಗೆ ಅಂದರೆಂದು ನಾನು ತಿಳಿದಿದ್ದೆ. ಎರಡು ದಿನ ಬಿಟ್ಟು, ಒಣಗಿದ ಶ್ಯಾವಿಗೆ ಒಂದು ಬುಟ್ಟಿಗೆ ತುಂಬಿ, ಇಳಕಲ್ ಸೀರೆ ಉಟ್ಟು ಅತ್ತೆ ಬಸ್ ನಿಲ್ದಾಣಕ್ಕೆ ಹೊರಟೇಬಿಟ್ಟರು. ಹಿಂದೆ ನಾನು. ದಾರಿಯುದ್ದಕ್ಕೂ ನನಗೆ ಎದೆ ಡವಡವ. ಬೀಗತಿ ಏನೂ ಹೇಳಿ ಕಳಿಸದೆ ಬಂದು ಬಾಗಿಲಲ್ಲಿ ನಿಂತರೆ ತವರಿನಲ್ಲಿ ಏನೆಂದುಕೊಳ್ಳಬೇಕು?

ಅಂದುಕೊಂಡದ್ದೇ ಆಯಿತು. ನಮ್ಮನ್ನು ಕಂಡು ಅವ್ವನ ಮುಖ ಬಿಳಿಚಿಕೊಂಡಿತು. ಮಗಳನ್ನು ಬಿಟ್ಟುಹೋಗಲು ಬಂದಿದ್ದಾರೆ ಎಂದೇ ಅವಳ ಎಣಿಕೆ. ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಏಳಲಿಲ್ಲ. "ಬರ್ರಿ ಬೀಗರ, ಕುಂದರ್ರಿ" ಅಂದು ಪಕ್ಕದಲ್ಲಿ ಜಾಗ ಮಾಡಿ, ಒಂದು ಹಿಡಿ ಹುಣಸೆಹಣ್ಣನ್ನು ಅತ್ತೆಯ ಮುಂದೆಯೂ ಸರಿಸಿದಳು. ಅತ್ತೆ ಸೆರಗು ಸಿಕ್ಕಿಸಿ ಬಿಡಿಸಲು ಕೂತರು. ಅವ್ವನಿಗೆ ಅಲ್ಲಿಗೆ ಸ್ವಲ್ಪ ಜೀವ ಬಂತು.

"ಆಯಿ, ಒಂದು ಮಾತು ಕೇಳಾಕ ಬಂದೀನ್ರಿ. ನಿಮ್ಮ ಕಥ್ಯಾಗ ಕೆಟ್ಟವರು ಯಾಕ ಸೋಲ್ತಾರ?" ಅತ್ತೆ ನೇರ ವಿಷಯಕ್ಕೆ ಬಂದರು.

ಆಯಿಗೆ ಆ ಪ್ರಶ್ನೆ ವಿಚಿತ್ರವೆನಿಸಲಿಲ್ಲ. ಒಂದು ಬೀಜ ತೆಗೆದು ಬುಟ್ಟಿಗೆ ಹಾಕಿ ಹೇಳಿದಳು.

"ರಜಾಕಾರರ ಗದ್ದಲದ ವರ್ಷ ನಾವು ಊರು ಬಿಟ್ಟು ಹೊಲದಾಗ ಇದ್ವಿ. ಗುಡಸಲ್ದಾಗ ಈಕಿ ಅಪ್ಪ, ಚಿಕ್ಕಪ್ಪ, ಎಲ್ಲಾ ಸಣ್ಣ ಹುಡುಗ್ರು. ಹೊರಗ ಎಲಿ ಸಪ್ಪಳಾದ್ರ ಅಂಜತಿದ್ವು. ಅವಾಗ ಕಥಿ ಹೇಳ್ತಿದ್ದೆ. ಕೆಟ್ಟಾಂವ ಬಂದ ಅನ್ನೋದ್ರಾಗ ಅವನ್ನ ಬಾವ್ಯಾಗ ಕೆಡವಿಬಿಡ್ತಿದ್ದೆ. ತಡ ಮಾಡಿದ್ರ ಮಕ್ಕಳು ಅಳತಿದ್ವು. ಆಮ್ಯಾಲ ಊರಿಗಿ ಬಂದ್ವಿ, ಉಣ್ಣಾಕ ಕಮ್ಮಿ ಇಲ್ಲ, ಬಾಗಲಾ ತೆರದು ಮಲಗೋ ದಿನ ಬಂತು. ಅವಾಗ ಅದೇ ಮಕ್ಕಳು, ಅವ್ವಾ, ಇಷ್ಟು ಲಗೂನ ಯಾಕ ಸಾಯಿಸ್ತೀ, ಅಂವ ಇನ್ನೊಂದೀಟು ಮೋಸ ಮಾಡಲಿ ಅನ್ನಾಕ ಹತ್ತಿದ್ವು. ದಿನ ಛಲೋ ಇದ್ರ ಕೆಟ್ಟಾಂವ ಸಾವಕಾಶ ಸೋಲ್ತಾನ. ದಿನ ಕೆಟ್ಟಿದ್ರ ಲಗೂನ. ಅಷ್ಟೇ ನೋಡ್ರಿ ಫರಕು."

ಅಪ್ಪ ಆ ಗುಡಿಸಲಿನ ದಿನಗಳ ಬಗ್ಗೆ ನಮ್ಮ ಮುಂದೆ ಯಾವತ್ತೂ ಮಾತಾಡಿದವರಲ್ಲ. ಬಾವಿಗೆ ಬೀಳುವ ಕಳ್ಳನ ಕಥೆ ಮಾತ್ರ ಅವರಿಗೆ ಬಹಳ ಪ್ರೀತಿ, ನಮಗೂ ಹೇಳುತ್ತಿದ್ದರು. ಅದು ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಆ ದಿನ.

ಅತ್ತೆ ಇನ್ನೆರಡು ಬೀಜ ಬಿಡಿಸಿದರು. ಆಮೇಲೆ ದನಿ ಇಳಿಸಿ ಕೇಳಿದರು, "ಮತ್ತ ಆ ತುಪ್ಪದ ಗಡಿಗಿ ಅತ್ತಿ? ಆಕಿ ಯಾರಿಗೂ ಕೊಂದಾಕಿ ಅಲ್ಲ, ಸುಟ್ಟಾಕಿ ಅಲ್ಲ."

ಆಯಿ ನಕ್ಕಳು. ಹಲ್ಲು ಇದ್ದದ್ದೇ ನಾಲ್ಕು, ಅವೆಲ್ಲವೂ ಕಂಡವು.

"ಅದು ನಮ್ಮ ಅತ್ತಿ ಹೇಳಿದ ಕಥಿ."

"ನಿಮ್ಮ ಅತ್ತಿ?"

"ಹೂಂ. ತುಪ್ಪ ಅಲ್ಲ, ಬೆಲ್ಲ. ತಲಿ ಅಲ್ಲ, ಕೈ. ಆಕಿಗಿ ಬೆಲ್ಲ ಅಂದ್ರ ಜೀವ. ಮಾವ ಕಟ್ಟುನಿಟ್ಟಿನ ಮನುಷ್ಯಾ, ಎಲ್ಲಾ ಒಳಗ ಇಡಸ್ತಿದ್ದ. ಒಂದು ದಿನ ಆಕಿ ಸಣ್ಣ ಬಾಯಿ ಗಡಿಗ್ಯಾಗ ಕೈ ಹಾಕಿ ಬೆಲ್ಲ ಹಿಡದಾಳ, ಕೈ ಹೊರಗ ಬರವಲ್ದು. ನಾನು ಹೊಸಾ ಸೊಸಿ, ನೀರಿನ ಕೊಡ ಹೊತ್ಕೊಂಡು ಒಳಗ ಬಂದೀನಿ. ಇಬ್ಬರೂ ಮುಖ ಮುಖ ನೋಡಿದ್ವಿ. ನಾನು ಏನೂ ಅನ್ನಲಿಲ್ಲ. ಒರಳ ಗುಂಡ ತಂದು ಗಡಿಗಿ ಒಡದೆ, ಚೂರು ತಿಪ್ಪಿಗಿ ಚೆಲ್ಲಿ ಬಂದೆ. ಬೆಲ್ಲ ಇಬ್ಬರೂ ತಿಂದ್ವಿ."

"ಯಾರಿಗೂ ಹೇಳಲಿಲ್ಲೇನು ನೀವು?"

"ನಾನು ಹೇಳಲಿಲ್ಲ. ಆಕೀನೇ ಹೇಳಿದ್ಲು. ಬೀಸೋ ಕಲ್ಲಿನ ಮುಂದ, ನಾಲ್ಕು ಮಂದಿ ಇದ್ದಾಗ, ಒಂದೂರಾಗ ಒಬ್ಬಾಕಿ ಕೆಟ್ಟ ಅತ್ತಿ ಇದ್ಲು ಅಂತ ಶುರು ಮಾಡಿದ್ಲು. ಬೆಲ್ಲಕ್ಕ ತುಪ್ಪ ಅಂದ್ಲು, ಕೈಗಿ ತಲಿ ಅಂದ್ಲು. ನನ್ನ ಕಡಿ ನೋಡ್ಲೇ ಇಲ್ಲ. ಎಲ್ಲರೂ ನಕ್ಕರು, ಎಲ್ಲರಕಿಂತ ಹೆಚ್ಚು ಆಕೀನೇ ನಕ್ಕಳು. ಅವತ್ತಿನಿಂದ ನಾನು ಆಕಿಗಿ ಅಂಜಲಿಲ್ಲ."

ಅತ್ತೆಯ ಕೈಯಲ್ಲಿದ್ದ ಹುಣಸೆಹಣ್ಣು ಅಲ್ಲೇ ಉಳಿಯಿತು. ಆಮೇಲೆ ಅವರು ನಕ್ಕದ್ದು ಕಲ್ಯಾಣದ ಕೋಟೆಯ ತನಕ ಕೇಳಿಸಿರಬೇಕು. ಅಡುಗೆಮನೆಯಿಂದ ಅವ್ವ ಓಡಿ ಬಂದಳು, ಜಗಳ ಹತ್ತಿತೆಂದು. ಇಬ್ಬರೂ ಮುದುಕಿಯರು ಕಣ್ಣು ಒರೆಸಿಕೊಳ್ಳುತ್ತಿರುವುದನ್ನು ಕಂಡು ಇನ್ನಷ್ಟು ಗಾಬರಿಯಾದಳು.

ಆ ಸಂಜೆಯ ಬಸ್ಸಿನಲ್ಲಿ ನಾವು ಹಿಂತಿರುಗಿದೆವು. ಅತ್ತೆ ಕಿಟಕಿಯ ಕಡೆ ಕೂತು ಬಹಳ ಹೊತ್ತು ಹೊರಗೆ ನೋಡುತ್ತಿದ್ದರು. ಹುಮನಾಬಾದು ಹತ್ತಿರ ಬಂದಾಗ, "ನಾನು ಭಾಳ ಬೈತೀನೇನು ನಿನಗ?" ಅಂದರು.

"ಒಮ್ಮೊಮ್ಮೆರಿ."

"ಹೂಂ" ಅಂದರು. ಮುಂದೆ ಬೈಯಲಿಲ್ಲವೆಂದಲ್ಲ. ಬೈದರು. ಆದರೆ ಬೈದು ಮುಗಿಸಿ ಹಿತ್ತಲಿಗೆ ಹೋಗಿ ಒಬ್ಬರೇ ನಗುವುದು ಒಂದೊಂದು ಸಲ ನನ್ನ ಕಿವಿಗೆ ಬೀಳುತ್ತಿತ್ತು. ನನಗೂ ಆಮೇಲೆ ಎದೆ ಡವಡವ ಅನ್ನುವುದು ನಿಂತಿತು.

ಮುಂದಿನ ಬೇಸಿಗೆಯಲ್ಲಿ ನನ್ನನ್ನು ಯಾರೂ ಕಥೆ ಕೇಳಲಿಲ್ಲ. ಅತ್ತೆಯೇ ಹೇಳುತ್ತಿದ್ದರು. ಅವರಿಗೆ ಉಪ್ಪು ಹಾಕುವ ಕೈ ಬಂದಿತ್ತು. ಅವರ ಕಥೆಗಳಲ್ಲಿ ಬರುವ ಅತ್ತೆಯಷ್ಟು ಕೆಟ್ಟ ಅತ್ತೆಯನ್ನು ಆಯಿ ಕೂಡ ಹುಟ್ಟಿಸಿರಲಿಲ್ಲ. ಸೋಲುವುದೂ ಹಾಗೆಯೇ, ದಿನಕ್ಕೊಂದು ಹೊಸ ರೀತಿ. ಹುಡಗಿಯ ಸೊಸೆ ಆಗ ಬಸುರಿ, ಹೆಚ್ಚು ನಗಬೇಡ ಎಂದು ಅವಳ ಅತ್ತೆ ಗದರಬೇಕಾಗುತ್ತಿತ್ತು. ನಾನು ಹಿಟ್ಟು ನಾದುತ್ತ ಕೇಳುತ್ತಿದ್ದೆ.

ಅತ್ತೆಯರ ಸರದಿ ಮುಗಿದ ಮೇಲೆ ಅವರು ಹೊಸ ಮಂದಿಯನ್ನು ಹುಡುಕತೊಡಗಿದರು. ಒಂದು ದಿನ ಶುರು ಮಾಡಿದರು, "ಒಂದೂರಾಗ ಒಬ್ಬ ಅಡತಿ ವ್ಯಾಪಾರಿ ಇದ್ದ. ಮಾತು ಕಮ್ಮಿ, ಲಬಾಡತನ ಜಾಸ್ತಿ."

ಒಳಗೆ ಅಂಗಡಿಗೆ ಹೊರಡಲು ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದ ಮಾವ ಬಾಗಿಲಿಗೆ ಬಂದರು. ಹೆಂಗಸರ ನಡುವೆ ಅವರು ಎಂದೂ ಬಂದು ನಿಂತವರಲ್ಲ.

"ನಾನೇನು ಮಾಡೀನಿ?" ಅಂದರು.

"ನೀವಲ್ಲರಿ. ಕಥಿ ಇದು" ಅಂದರು ಅತ್ತೆ, ಹಿಟ್ಟು ಉಜ್ಜುತ್ತ.

"ಕಡೀಗಿ ಏನಾಗ್ತದ ಅವನಿಗಿ?"

"ಕುಂತು ಕೇಳ್ರಿ, ತಿಳೀತದ."

ಮಾವ ಅತ್ತಿತ್ತ ನೋಡಿದರು. ಖಾಲಾ ಸೆರಗು ಸರಿಪಡಿಸಿಕೊಂಡು ಬೇವಿನ ಕಟ್ಟೆಯ ಒಂದು ಬದಿ ಖಾಲಿ ಮಾಡಿಕೊಟ್ಟರು. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಆ ವ್ಯಾಪಾರಿ ಬಹಳ ನಿಧಾನವಾಗಿ ಸೋತ. ಆ ದಿನ ಅಂಗಡಿ ತೆರೆದದ್ದು ಮಧ್ಯಾಹ್ನ.